ಬಾಯ್ಲರ್‌ಮೈಸ್ಟರ್ ಕರಿಬಸವರಾಜ

೪ ಮಾರ್ಚ್ ೧೯೬೩, ಸೋಮವಾರ
ಒಂಬತ್ತು ಲೆಟರ್ ಟೈಪ್ ಆತು. ನಮ್ಮ ಬಟ್ಟೆ ಮಿಲ್ಲಿಗೆ ಹೊಸಬ ಬಂದಾನೆ, ಕರಿಬಸವರಾಜ, ಬಾಯ್ಲರ್ ನೋಡ್ಕೊಳ್ಳಾಕೆ. ಸರ್ಟಿಫಿಕೇಟಿನ ನಕಲು ನಾನೇ ಹೊಡೆದೆ. ಹೆಸರಿನ ಮುಂದೆ ‘ಬಾಯ್ಲರ್‌ಮೈಸ್ಟರ್’, ಕೆಳಗೆ ಜರ್ಮನಿಯ ಹ್ಯಾಂಬರ್ಗ್ ಊರಿನ ಅಚ್ಚು. ಹ್ಯಾಂಬರ್ಗ್ ಕಂಡೋನ ಚಪ್ಪಲಿ ಹಂಗೆ ಹರಿದಿರ್ತಾವಾ? ಆಫೀಸಿನಾಗ ಆಗ್ಲೇ ತಮಾಷೆ — ಟೀ-ಮೈಸ್ಟರ್, ಫೈಲ್-ಮೈಸ್ಟರ್... ನನಗೆ ನಗು ಬರಲಿಲ್ಲ. ಆ ಬಾಯ್ಲರಿಗೆ ಕಲ್ಲಿದ್ದಲು ಹಾಕೋನು ನನ್ನ ಗಂಡ.

೭, ಗುರುವಾರ
ಬಾಯ್ಲರ್ ನಾಲ್ಕು ದಿನ ಆರಿಸ್ರಿ ಅಂತಾನೆ. ಹೆಚ್ಚಾದ ಉಗಿ ಬಿಡೋ ವಾಲ್ವ್ ಕಚ್ಕೊಂಡೈತಂತೆ, ಬಾಯ್ಲರ್ ಸಿಡಿದೀತಂತೆ. ಮ್ಯಾನೇಜರ್ ಕೆಂಡ. ನಮ್ಮ ಮಿಲ್ಲು ನಿಲ್ಸಾಕೆ ಬೇರೆ ಮಿಲ್ಲಿನೋರು ಕಳಿಸಿದ ಆಸಾಮಿಯೋ ಏನೋ.

೧೦, ಭಾನುವಾರ, ಹರಿಹರ
ಇಂಗ್ಲಿಷ್ ಕಲಿಸಿದ ಜಂಬಯ್ಯ ಮೇಷ್ಟ್ರಿಗೆ ನಕಲು ತೋರಿಸಿದೆ.
“ಮೈಸ್ಟರ್ ಅಂದ್ರೆ ಜರ್ಮನ್ನಾಗ ನಮ್ಮ ಮೇಷ್ಟ್ರು ಇದ್ದಂಗೆ, ಉಡಚಮ್ಮ. ಕಸುಬಿನಾಗ ಪಳಗಿದೋನು. ಇಂಗ್ಲಿಷಿನೋರು ಅದನ್ನ ಯಾವ ಪದದ ಬಾಲಕ್ಕಾದ್ರೂ ಅಂಟಿಸ್ತಾರೆ, ಅರ್ಧ ತಮಾಷೆಗೆ. ಆದ್ರೆ ಬಾಯ್ಲರ್ ಇಂಗ್ಲಿಷು. ಜರ್ಮನ್ನರು ಕೆಸ್ಸೆಲ್ ಅಂತಾರೆ. ಹ್ಯಾಂಬರ್ಗಿನೋರು ಇಂಥ ಕಲಬೆರಕೆ ಅಚ್ಚು ಹಾಕ್ತಾರಾ?”
ಸಿಕ್ಕಿಬಿದ್ದ!

೧೧, ಸೋಮವಾರ
ಮ್ಯಾನೇಜರಿಗೆ ಹೇಳಿದೆ. ಅವನನ್ನ ಕರೆಸಿದರು. ಒಪ್ಕೊಂಡ.
“ಕಾಗದ ಸುಳ್ಳು ಸಾಮಿ. ಬೊಂಬಾಯಿ ಹಡಗಿನ ಜರ್ಮನ್ ಇಂಜಿನಿಯರ್ ನನ್ನನ್ನ ಬಾಯ್ಲರ್‌ಮೈಸ್ಟರ್ ಅಂತ ಕೂಗ್ತಿದ್ದ. ಅವನ ಕೈಕೆಳಗೆ ಹನ್ನೊಂದು ವರ್ಷ ದುಡಿದೀನಿ. ವಾಲ್ವ್ ಮಾತು ಸುಳ್ಳಲ್ಲ.”
ಸಂಜೆಗೇ ಹೊರಗೆ ಹಾಕಿದರು. ವಾಲ್ವ್ ಮಾತೂ ನಾಟಕವೇ ಇರಬೇಕು.

೧೫, ಶುಕ್ರವಾರ, ಬೆಳಗ್ಗೆ
ಗಂಡ ಮಾಲತೇಶಪ್ಪ ರೊಟ್ಟಿ ಮುಟ್ಟಲಿಲ್ಲ. “ಉಗಿ ಒತ್ತಡದ ಮುಳ್ಳು ಕೆಂಪುಗೀಟು ದಾಟ್ತೈತೆ. ವಾಲ್ವ್ ಉಸಿರು ಬಿಡವಲ್ದು. ಆ ಮನುಷ್ಯ ಖರೆ ಹೇಳಿದ್ದ.”
ರಜೆ ಹಾಕು ಅಂದೆ. “ನಾ ಬಿಟ್ರೆ ಇನ್ನೊಬ್ಬ ನಿಲ್ಬೇಕಲ್ಲ” ಅಂದು ಹೋದ.
ಮ್ಯಾನೇಜರ್ ಹತ್ರ ಓಡಿದೆ. “ಅವನು ಕಳ್ಳ ಅಂದೋರು ನೀವೇ ಅಲ್ವೇನ್ರಿ?” ಅಂದು ವಾಪಸ್ ಕಳಿಸಿದರು.

ಅದೇ ದಿನ, ಮಧ್ಯಾಹ್ನ ೧
ಕರಿಬಸವರಾಜ ಸ್ಟೇಷನ್ ಹತ್ರದ ಛತ್ರದಾಗ ಸಿಕ್ಕ. ಬಂದು ಬಾಯ್ಲರ್ ಆರಿಸ್ರಿ ಅಂದೆ. ಬೈತಾನೆ ಅಂದ್ಕೊಂಡಿದ್ದೆ. “ಪಾಸ್ ಇಲ್ದೆ ಗೇಟಿನಾಗ ಬಿಡಲ್ರಿ” ಅಂದ, ಅಷ್ಟೇ.
ಪಾಸ್ ಟೈಪ್ ಮಾಡಿದೆ. ಮ್ಯಾನೇಜರ್ ಸಹಿ — ನಾನೇ ಹಾಕಿದೆ.
ಅವನು ಒಳಗೆ ಹೋಗಿ ಅರ್ಧ ಗಂಟೆ. ಈಗ ಮಗ್ಗಗಳ ಸದ್ದು ನಿಂತೈತೆ. ಕಿಟಕಿಯಾಗಿಂದ ಕಾಣ್ತಾರೆ, ಅವನೂ ನನ್ನ ಗಂಡನೂ ಬಾಯ್ಲರ್ ಆರಿಸಾಕೆ ಕುಲುಮೆಯಿಂದ ಕೆಂಡ ಹೊರಗೆ ಎಳೀತಿದಾರೆ. ದೇವರೇ.
ಮ್ಯಾನೇಜರ್ ಪಾಸ್ ಹಿಡ್ಕೊಂಡು ಅಂಗಳ ದಾಟಿ ಬರ್ತಿದಾರೆ. ಸಹಿ ಯಾರದು ಅಂತ ಕೇಳಿದ್ರೆ, ನಾನೂ ಅಂತೀನಿ: ಕಾಗದ ಸುಳ್ಳು, ವಾಲ್ವ್ ಮಾತು ಸುಳ್ಳಲ್ಲ.