ಗೋಂದನ್ನು ನಂಬುವ ವಿಶ್ವವಿದ್ಯಾಲಯಕ್ಕೆ

ಬಾಸ್ಟನ್ ನಗರದ ಪ್ರತಿಷ್ಠಿತ ವಿಶ್ವವಿದ್ಯಾಲಯದ ಪ್ರವೇಶಾಧಿಕಾರಿಗಳೇ,

ನನ್ನ ಮಗಳು ರೋಶ್ನಿಯ ಅರ್ಜಿಯನ್ನು ನೀವು ತಿರಸ್ಕರಿಸಿದ್ದೀರಿ. ಅಂಕ ಕಡಿಮೆಯಾಗಿ ಅಲ್ಲ. ಅಂಕಪಟ್ಟಿಯ ಲಕೋಟೆಯನ್ನು ಯಾರೋ ಒಡೆದಿದ್ದಾರೆ, ಆದ್ದರಿಂದ ಅದರ ನೈಜತೆ 'ಸಂಶಯಾಸ್ಪದ' ಎಂದು. ಆ ಯಾರೋ ನಾನೇ. ಇದನ್ನು ಇಂಗ್ಲಿಷಿನಲ್ಲಿ ಮೂರು ಸಲ ಬರೆದು ತಿಳಿಸಿದೆ. ಮೂರು ಸಲವೂ ನಿಮ್ಮ ಯಂತ್ರ ಧನ್ಯವಾದ ಹೇಳಿತು. ಹಾಗಾಗಿ ಈ ಸಲ ಇಲ್ಲಿ ಕುವೈತಿನ ಕನ್ನಡಿಗರ ಪತ್ರಿಕೆಯಲ್ಲಿ, ನಾನು ಶಾಲೆ ಕಲಿತ ಭಾಷೆಯಲ್ಲೇ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಎಷ್ಟೋ ಭಾಷೆ ಕಲಿಸುತ್ತಾರಂತೆ. ಯಾರಿಂದಾದರೂ ಓದಿಸಿಕೊಳ್ಳಿ.

ನನ್ನ ಕೆಲಸ ಏನೆಂದು ತಿಳಿದರೆ ನನ್ನ ಅಪರಾಧವೂ ತಿಳಿದೀತು. ನಾನು ಕುವೈತಿನ ಒಂದು ಕಂಪನಿಯ ಮಂದೂಬ್. ಅಂದರೆ ನೌಕರರ ಕಾಗದಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದು ಮುದ್ರೆ ಒತ್ತಿಸಿಕೊಂಡು ಬರುವವನು. ಇಪ್ಪತ್ತೆರಡು ವರ್ಷಗಳಿಂದ ಅದೇ ನನ್ನ ಅನ್ನ. ಇಲ್ಲಿ ಮದುವೆಯಾಗಿದೆ ಎಂದರೆ ಸಾಲದು, ಮುದ್ರೆ ಬೇಕು. ಮಗು ಹುಟ್ಟಿದೆ ಎಂದು ಮಗುವನ್ನೇ ಎತ್ತಿ ತೋರಿಸಿದರೂ ಸಾಲದು. ಸತ್ತವನು ಊರು ಸೇರಬೇಕಾದರೂ ಮುದ್ರೆ ಬೇಕು. ಅಂಥವರ ಕಾಗದಗಳನ್ನೂ ನಾನು ಹೊತ್ತು ತಿರುಗಿದ್ದೇನೆ.

ಶಾಲೆಯವರು ಅಂಟಿಸಿದ ಲಕೋಟೆಯನ್ನು ನನ್ನ ಕೈಗೆ ಕೊಟ್ಟರು. "ಪಪ್ಪಾ, ಡೋಂಟ್ ಓಪನ್ ಇಟ್. ಜಸ್ಟ್ ಕೊರಿಯರ್ ಇಟ್," ಎಂದಳು ರೋಶ್ನಿ. ಜತೆಗೆ ಕೆಲಸ ಮಾಡುವ ಬೀರಾನ್ ಅದನ್ನು ಕೇಳಿ ನಕ್ಕ. "ಸೀಲ್ ಇಲ್ಲದ ಪೇಪರ್ ಅಮೇರಿಕದವರು ತಗೊಳ್ತಾರಾ ಮಾರಾಯ? ಮಗಳದ್ದು ಒಂದು ವರ್ಷ ಖಲಾಸ್ ಆಗ್ತದೆ, ನೋಡು." ನನಗೂ ಹಾಗೇ ಅನಿಸಿತು. ಇದು ನನ್ನ ಕೆಲಸ, ನಿನಗೆ ಗೊತ್ತಾಗುವುದಿಲ್ಲ ಎಂದು ಮಗಳನ್ನು ಕೊಂಕಣಿಯಲ್ಲಿ ಗದರಿ ಲಕೋಟೆ ಕತ್ತರಿಸಿದೆ. ಎರಡು ದಿನ ರಜೆ ಹಾಕಿ ಶಿಕ್ಷಣ ಇಲಾಖೆ, ವಿದೇಶಾಂಗ ಇಲಾಖೆ, ನಮ್ಮ ರಾಯಭಾರ ಕಚೇರಿ ಎಲ್ಲ ಕಡೆ ಸಾಲಿನಲ್ಲಿ ನಿಂತು ಮುದ್ರೆ ಹಾಕಿಸಿದೆ. ಜಾಗ ಸಾಲದೆ ಹಿಂಬದಿಗೂ ಒತ್ತಿದರು. ಹೊಸ ಲಕೋಟೆಯಲ್ಲಿಟ್ಟು ಕಳಿಸುವಾಗ, ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಗಿತ್ತು.

ಈಗ ನೀವು ಹೇಳಿ. ಎರಡು ಸರಕಾರಗಳು ನಿಜವೆಂದದ್ದು ನಿಮಗೆ ಸುಳ್ಳು, ಶಾಲೆಯ ಗುಮಾಸ್ತ ಹಚ್ಚಿದ ಗೋಂದು ಮಾತ್ರ ಸತ್ಯ, ಇದು ಯಾವ ನ್ಯಾಯ? ದೇಶದ ಮೊತ್ತಮೊದಲ ಸಾರ್ವಜನಿಕ ಶಾಲೆ ತೆರೆದ ಊರು ನಮ್ಮದೆಂದು ನಿಮ್ಮ ಬಣ್ಣದ ಪುಸ್ತಿಕೆಯಲ್ಲಿ ಕೊಚ್ಚಿಕೊಂಡಿದ್ದೀರಿ. ಮುನ್ನೂರೆಪ್ಪತ್ತು ವರ್ಷ ಪಾಠ ಹೇಳಿದ ಊರಿಗೆ ರೋಶ್ನಿಯ ಶಾಲೆಗೊಂದು ಫೋನ್ ಮಾಡಿ ವಿಚಾರಿಸುವುದು ಗೊತ್ತಿರಲಿಲ್ಲವೇ? ಹದಿನೇಳರ ಹುಡುಗಿಯನ್ನು ಮೋಸಗಾತಿ ಎನ್ನುವುದು ಅದಕ್ಕಿಂತ ಸುಲಭವಾಯಿತೇ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ ನಮ್ಮಲ್ಲಿ. ನೀವು ಆನೆ ಕೊಡುವುದು ಬೇಡ, ಉತ್ತರ ಕೊಡಿ.

ರೋಶ್ನಿ ಕಿವುಡ ಮಕ್ಕಳ ಶಿಕ್ಷಕಿಯಾಗಲು ಹೊರಟವಳು. ಅವಳ ತಂಗಿ ಬ್ರೆಂಡಾಗೆ ಹುಟ್ಟಿನಿಂದ ಕಿವಿ ಕೇಳದು. ಹವಲ್ಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಆ ಮಗುವಿಗೆ ಓದು ಬರಹ ಕಲಿಸಿದವಳು ಇವಳೇ. ಅದಕ್ಕೆ ಯಾರೂ ಮುದ್ರೆ ಒತ್ತಿಲ್ಲ. ನಿಮ್ಮ ಪತ್ರ ಬಂದ ದಿನ ಅವಳು ನನ್ನ ಮೇಲೆ ರೇಗಲಿಲ್ಲ. "ಇಟ್ಸ್ ಓಕೆ, ಪಪ್ಪಾ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನನ್ನ ಒತ್ತಾಯ ಇಷ್ಟು. ಶಾಲೆಯವರು ಕೊಟ್ಟ ಎರಡನೆಯ ಅಂಕಪಟ್ಟಿಯನ್ನು ಸ್ವೀಕರಿಸಿ, ಈ ವರ್ಷವೇ ಅವಳ ಅರ್ಜಿಯನ್ನು ಮತ್ತೆ ನೋಡಿ. 'ಸಂಶಯಾಸ್ಪದ' ಎಂಬ ಮಾತನ್ನು ಅವಳ ಕಡತದಿಂದ ತೆಗೆಯಿರಿ; ಬಿಸಾಡಲು ಮನಸ್ಸಿಲ್ಲದಿದ್ದರೆ ನನ್ನ ಹೆಸರಿನ ಮುಂದೆ ಬರೆಯಿರಿ. ಆ ಎರಡನೆಯ ಅಂಕಪಟ್ಟಿಯ ಲಕೋಟೆ ತರಲು ನಿನ್ನೆ ಅವಳನ್ನು ಕಾರಿನಲ್ಲಿ ಶಾಲೆಗೆ ಕರೆದೊಯ್ದೆ. ನನ್ನನ್ನು ಗೇಟಿನ ಹೊರಗೆ ನಿಲ್ಲಿಸಿ ಅವಳೊಬ್ಬಳೇ ಒಳಗೆ ಹೋದಳು. ಬರುವಾಗ ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿಟ್ಟು ಎರಡೂ ಕೈಗಳಿಂದ ಮುಚ್ಚಿಕೊಂಡಿದ್ದಳು. ಮನೆಯ ಮೆಟ್ಟಿಲು ಹತ್ತುವಾಗ ಅವಳ ಬ್ಯಾಗು ಭಾರವಿತ್ತು, ಲಕೋಟೆ ನಾನು ಹಿಡಿಯಲೇ ಎಂದು ಕೇಳಿದೆ. ಬ್ಯಾಗನ್ನು ಕೊಟ್ಟಳು.

ಇಂತಿ,
ಊರವರ ಕಾಗದವನ್ನೆಲ್ಲ ನೇರ ಮಾಡಿ ಮಗಳದ್ದನ್ನು ಕೆಡಿಸಿದ
ಬರ್ನಾರ್ಡ್
ಹವಲ್ಲಿ, ಕುವೈತ್, ಮೇ ೨೦೦೬