ರಂಗೋಲಿಯಲ್ಲದ ಚುಕ್ಕಿಗಳು

ಕುಷ್ಟಗಿ, ಯುಗಾದಿ, ೧೯೪೩

ಮಗಳೇ ಶೇಖರಮ್ಮಾ,

ನೀನು ಸತ್ತು ಎರಡು ತಿಂಗಳಾಯಿತು. ಈ ಕಾಗದ ಎಲ್ಲಿಗೂ ಹೋಗುವುದಿಲ್ಲ, ಆದರೂ ಹೇಳಬೇಕು. ಇವತ್ತು ನಾನೇ ಹಿತ್ತಲ ಬಾವಿಗೆ ಹಗ್ಗ ಇಳಿಬಿಟ್ಟು ಅಳೆದೆ. ನೀರು ನಾಲ್ಕೂವರೆ ಮೊಳ ಇದೆ.

ದೀಪಾವಳಿಯಿಂದ ನೀನು ವಾರವಾರವೂ ಅಳೆದು ಚೌಕುಳಿ ಕಾಗದದ ಮೇಲೆ ಚುಕ್ಕಿ ಇಡುತ್ತಿದ್ದೆ. ಅವುಗಳ ನಡುವೆ ಬಾಗಿದ ಗೆರೆಯೊಂದನ್ನು ಮುಂದಕ್ಕೆಳೆದು, ಯುಗಾದಿಗೆ ನಾಲ್ಕು ಮೊಳ ಎಂದಿದ್ದೆ.

"ಒಂದು ಚುಕ್ಕಿನೂ ಮುಟ್ಟಿಲ್ಲಲ್ಲ! ರಂಗೋಲಿ ಹಾಕಾಕೂ ಬರಂಗಿಲ್ಲೇನ ನಿನಗ?" ಎಂದು ನಾನು ಗದರಿದೆ.

"ಯವ್ವಾ, ಹಗ್ಗ ಅಲಗಾಡಿ ಅಳತಿ ಹೆಚ್ಚುಕಮ್ಮಿ ಆಗಿರತೈತಿ. ಗೆರಿ ಮುಟ್ಟೂದು ಬ್ಯಾಡ, ಎಲ್ಲಾವಕ್ಕೂ ಹತ್ರ ಇದ್ರ ಸಾಕು."

ನಾನು ಪೆನ್ಸಿಲ್ ಕಸಿದುಕೊಂಡು ಎಲ್ಲ ಚುಕ್ಕಿಗಳನ್ನೂ ಮುಟ್ಟಿಸಿದೆ. ಕೊನೆಯೆರಡು ಇಳಿದಿದ್ದವು. ಅದೇ ಜಾಡಿನಲ್ಲಿ ಎಳೆದರೆ ಗೆರೆ ತಳ ಕಂಡಿತು. ಯುಗಾದಿಗೆ ಬಾವಿ ಬತ್ತುತ್ತದೆ ಎಂದೆ. ಮರುವಾರ ನಿನಗೆ ಜ್ವರ ಬಂತು; ಅದರಲ್ಲೇ ಹೋದೆ.

ಇವತ್ತಿನ ಚುಕ್ಕಿ ನಿನ್ನ ಗೆರೆಯ ಪಕ್ಕದಲ್ಲೇ ಬಿತ್ತು. ಯಾವುದನ್ನೂ ಮುಟ್ಟದ ಗೆರೆ ನಿಜವಾಗಿ, ಎಲ್ಲವನ್ನೂ ಮುಟ್ಟಿದ ಗೆರೆ ಸುಳ್ಳಾದದ್ದು ಹೇಗೆ? ಹೈಸ್ಕೂಲು ಓದಿದ ನನಗೂ ತಿಳಿಯುತ್ತಿಲ್ಲ. ನಿನ್ನ ಲೆಕ್ಕಕ್ಕಿಂತ ಹೆಚ್ಚಿಗೆ ಬಂದ ಅರ್ಧ ಮೊಳ ತಪ್ಪೋ, ಸರಿಯೋ? ನೀನಾಗಿದ್ದರೆ "ಅಷ್ಟು ಇರ್ಲಿ ಬಿಡ ಯವ್ವಾ" ಎನ್ನುತ್ತಿದ್ದೆ.

ನಾನು ನಿನಗೆ ಯಾವತ್ತೂ ಅಷ್ಟು ಬಿಟ್ಟವಳಲ್ಲ.