ಬೆನ್ನಿಗೆ ಬಂದ ಪಿಂಚಣಿ

ಅಮ್ಮಾ,

ನಿನ್ನ ಮಗನ ಬೆನ್ನಿಗೆ ಇವತ್ತು ಪಿಂಚಣಿ ಮಂಜೂರಾಯಿತು. ನೀನಿದ್ದಿದ್ದರೆ ಬೀದಿಗೆಲ್ಲ ಸಾರಿಬಿಡುತ್ತಿದ್ದೆ.

ಸೈನ್ಯದಲ್ಲಿ ಲಾರಿಗೆ ಬೆಂಕಿ ಬಿದ್ದಾಗ ಆದ ಸುಟ್ಟ ಕಲೆಗಳಿಗೆ ಅಂಗವೈಕಲ್ಯ ಪಿಂಚಣಿ ಕೇಳಿದ್ದೆ; ಮೊದಲ ಸಲ ಆಗದು ಎಂದಿದ್ದರು. ಆಗ ‘ನೋವಿದೆಯಾ?’ ಎಂದವರಿಗೆ ಅಂಗಿಯನ್ನೂ ಬಿಚ್ಚದೆ ‘ಏನಿಲ್ಲ ಸಾರ್’ ಎಂದುಬಿಟ್ಟಿದ್ದೆ. ಇವತ್ತು ಮೇಲ್ಮನವಿಯ ವಿಚಾರಣೆಯಲ್ಲಿ ಬಿಚ್ಚಿದೆ. ಡಾಕ್ಟರಮ್ಮ ಟೇಪು ಹಿಡಿದು ಒಂದೊಂದೇ ಕಲೆ ಅಳೆದರು. ಹುಬ್ಬಿನ ಮೇಲಿನದನ್ನೂ ಬಿಡಲಿಲ್ಲ.

‘ಇದು ಯಾವ ಯುದ್ಧದ್ದು?’

‘ಅಡುಗೆಮನೇದು ಮೇಡಂ. ಬೆಲ್ಲ ಕದ್ದು ಓಡೋವಾಗ ಹೊಸ್ತಿಲು ಎಡವಿದ್ದು.’

‘ಹಾಗಾದ್ರೆ ಪರಿಹಾರ ನಿಮ್ಮಮ್ಮನ್ನೇ ಕೇಳಿ, ಸರ್ಕಾರ ಕೊಡಲ್ಲ!’

ಕೋಣೆಯೆಲ್ಲ ನಕ್ಕಿತು. ಆಮೇಲೆ ಬೆನ್ನು ಮುಟ್ಟಿ, ‘ಇಲ್ಲಿ ನೋವು?’ ಎಂದರು. ಚಳಿಗೆ ಚರ್ಮ ಬಿಗಿದು ನಿದ್ದೆ ಬರುವುದಿಲ್ಲ, ತೋಳು ಮೇಲೇಳುವುದಿಲ್ಲ ಎಂದು ಎಲ್ಲ ಹೇಳಿದೆ. ಮೇಲ್ಮನವಿ ಒಪ್ಪಿದರು.

ಮನೆಗೆ ಬಂದವನೇ ನಿನ್ನ ಸೊಸೆಯ ಕೈಗೆ ಮುಲಾಮು ಕೊಟ್ಟು, ಅಂಗಿ ಬಿಚ್ಚಿ ಕೂತೆ. ಹಗಲು ಬೆಳಕಿನಲ್ಲಿ ಅವಳು ನೋಡಿದ್ದು ಇದೇ ಮೊದಲು.

‘ಬಾರೋ, ಬೆನ್ನುಜ್ತೀನಿ ಅಂತ ಅತ್ತೆ ಎಷ್ಟು ಕರೀತಿದ್ರು. ಅವರಿಗಾದ್ರೂ ತೋರಿಸಿದ್ರಾ?’

‘ನಮ್ಮಮ್ಮನ ಕೈ ಬಲು ಒರಟು ಕಣೇ’ ಎಂದು ನಕ್ಕೆ.

ಅವಳೂ ನಕ್ಕು, ಇನ್ನಷ್ಟು ಮೆಲ್ಲಗೆ ಹಚ್ಚಿದಳು.